ಬಿಳಿ ಕೌದಿಯ ಹರಾಜು

ಕೌದಿಯ ಕೊನೆಯ ಮೂಲೆಗೆ ಬಂದಾಗ ಸೂಜಿ ಮುಂದೆ ಹೋಗಲೊಲ್ಲದು. ನರ್ಸುಗಳ ಯೂನಿಫಾರ್ಮಿನ ದಪ್ಪ ಬಟ್ಟೆಯ ಎರಡು ತುಂಡುಗಳು ಅಲ್ಲಿ ಒಂದರ ಮೇಲೊಂದು ಬಂದಿದ್ದವು. ಕ್ಯಾಥರೀನ್ ಸೂಜಿಯ ತುದಿಯನ್ನು ತಲೆಗೂದಲಿಗೆ ಒಮ್ಮೆ ತೀಡಿಕೊಂಡು, ಬೆರಳಿಗೆ ಹಾಕಿದ ಅಂಗುಸ್ತಾನದಿಂದ ಬಲವಾಗಿ ಒತ್ತಿದಳು. "ಹೋಗು, ಹೋಗು. ನಿನಗೂ ಸೊಕ್ಕು" ಎಂದು ಬಟ್ಟೆಯನ್ನೇ ಬೈದಳು. ಪಡಸಾಲೆಯ ತುಂಬ ಹರಡಿದ್ದ ಕೌದಿ ಅವಳ ಚಾಚಿದ ಕಾಲುಗಳನ್ನು ಸೊಂಟದವರೆಗೆ ನುಂಗಿತ್ತು.

ಅಷ್ಟರಲ್ಲಿ ಅವಳ ಗಂಡ ಎಬಿನೇಜರ್ ಅಂಗಡಿಯಿಂದ ಬಂದವನು ಕಂಕುಳಲ್ಲಿದ್ದ ಗಂಟನ್ನು ಅವಳ ಪಕ್ಕಕ್ಕೆ ಇಳಿಸಿದ.

"ಇವನ್ನೂ ಸೇರಿಸು. ಹೊಸಾ ಅಯ್ಯನವರ ನಿಲುವಂಗೀದು. ಇಷ್ಟೆತ್ತರ ಮನಶ್ಯಾ, ಆದ್ರೂ ಒಂದೀಟು ಉಳೀತು ನೋಡು."

"ಅಂದ್ರ ಗಿಡ್ಡ ಹೊಲದೀರಿ."

"ಛೇ, ದೇವರ ಕೆಲಸದಾಗ ಗಿಡ್ಡ ಹೊಲೀತೇನೇನು?"

ಧಾರವಾಡದಲ್ಲಿ ದರ್ಜಿಗಳಿಗೇನು ಬರವಿರಲಿಲ್ಲ. ಆದರೆ ಬಿಳಿ ಬಟ್ಟೆಯೆಂದರೆ ಎಬಿನೇಜರ್. ಪಾದ್ರಿ ಅಯ್ಯನವರ ನಿಲುವಂಗಿ, ಚರ್ಚಿನಲ್ಲಿ ಹಾಡುವವರ ಗೌನು, ಮದುಮಗಳ ಗೌನು, ದೀಕ್ಷಾಸ್ನಾನದ ಫ್ರಾಕು, ನರ್ಸುಗಳ ಕೋಟು, ಎಲ್ಲ ಅವನ ಮಷಿನ್ನಿನ ಕೆಳಗೇ ಹಾಯಬೇಕು. ಹೀಗೆ ಹೊಲಿದು ಉಳಿದ ಚೂರುಗಳನ್ನು ಎಸೆಯಲು ಅವನಿಗೆ ಮನಸ್ಸು ಬಾರದು. ಮನೆಗೆ ತಂದು ಹಾಕುವನು. ಮನೆಗೆ ಬಂದದ್ದನ್ನು ಎಸೆಯಲು ಕ್ಯಾಥರೀನಳಿಗೆ ಬಾರದು. ಕೌದಿ ಮಾಡುವಳು.

ಒಂದು ವರ್ಷ ಸುಗ್ಗಿ ಹಬ್ಬಕ್ಕೆ ಅವಳು ಅಂಥ ಒಂದು ಕೌದಿಯನ್ನು ಕಾಣಿಕೆಯಾಗಿ ಕೊಟ್ಟಳು. ಸುಗ್ಗಿ ಹಬ್ಬದ ದಿನ ಸಭೆಯವರೆಲ್ಲ ತಮ್ಮ ಮೊದಲ ಫಲವನ್ನು ದೇವಾಲಯಕ್ಕೆ ತರುತ್ತಾರೆ. ಹೊಲವಿದ್ದವರು ಜೋಳ, ಹಿತ್ತಲಿದ್ದವರು ಕುಂಬಳಕಾಯಿ, ಏನೂ ಇಲ್ಲದವರು ಕೈಯಾರೆ ಮಾಡಿದ್ದು. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಅವುಗಳ ಹರಾಜು. ಮೆಣಸಿನಕಾಯಿ ಹೋಯಿತು, ಹುಂಜ ಹೋಯಿತು, ಕೌದಿಯ ಸರದಿ ಬಂದಾಗ ಒಬ್ಬರೂ ಉಸಿರೆತ್ತಲಿಲ್ಲ. ಹೆಂಡತಿಯ ಮುಖ ನೋಡಲಾಗದೆ ಎಬಿನೇಜರನೇ ಕೈ ಎತ್ತಿದ. ಮುಂದಿನ ವರ್ಷವೂ ಎತ್ತಿದ. ಅದರ ಮುಂದಿನ ವರ್ಷ ಹರಾಜು ಕೂಗುವ ಅಬ್ರಹಾಂ ಮಾಸ್ತರರು ಅವನು ಕೈಯನ್ನು ಪೂರ್ತಿ ಎತ್ತುವುದಕ್ಕೂ ಕಾಯಲಿಲ್ಲ, "ಎಬಿನೇಜರಂದು" ಎಂದು ಮುಗಿಸಿಬಿಟ್ಟರು. ಹೀಗೆ ದೇವರಿಗೆ ಕೊಟ್ಟ ಕೌದಿಗಳೆಲ್ಲ ಮರಳಿ ಮನೆಗೇ ಬಂದವು. ಒಂದು ಮಂಚದ ಮೇಲೆ, ಒಂದು ಕಿಟಕಿಕಟ್ಟೆಯ ಮೇಲೆ, ಒಂದು ಸ್ಕೂಟರಿನ ಸೀಟಿಗೆ. ಇನ್ನೊಂದನ್ನು ಮಡಚಿ ಗ್ಯಾಸ್ ಸಿಲಿಂಡರಿನ ಕೆಳಗೆ ಹಾಕಿದ್ದಾಯಿತು.

ಮಂದಿ ಕೊಳ್ಳದಿರುವುದಕ್ಕೆ ಕಾರಣಗಳೂ ಇದ್ದವು. ಬಿಳಿದು, ಚಹಾ ಚೆಲ್ಲಿದರೆ ಏನು ಗತಿ? "ಛಲೋ ಐತಿ ಖರೇ, ಆದ್ರ ಹೊದಕೊಂಡು ಮಲಗಿದ್ರ ಮನ್ಯಾಗಿನವರು ಅಳಾಕ ಶುರು ಮಾಡ್ತಾರ" ಎಂದು ಒಬ್ಬಳು ನಕ್ಕಿದ್ದಳು. ಎಬಿನೇಜರನ ಅಕ್ಕ ಏಂಜೆಲಿನಾ ಅಂತೂ ಬಾಯಿಗೆ ಬೀಗ ಹಾಕಿದವಳೇ ಅಲ್ಲ. ಆಸ್ಪತ್ರೆಯಲ್ಲಿ ನರ್ಸಾಗಿದ್ದು ನಿವೃತ್ತಳಾದ ಅವಳು ಮನೆಗೆ ಬಂದಾಗಲೆಲ್ಲ ಕೇಳುವಳು: "ಕ್ಯಾಥರೀನಾ, ನೀ ಕೌದಿ ಹೊಲೀತೀಯೋ, ವಾರ್ಡ್ ತೆರೀತೀಯೋ?"

ಕ್ಯಾಥರೀನಳ ಮನಸ್ಸಿನಲ್ಲಿ ಒಂದೇ ಆಸೆ ಇತ್ತು. ತನ್ನ ಗಂಡನಲ್ಲದ ಯಾರಾದರೂ ಒಬ್ಬರು, ಕನಿಕರಕ್ಕಲ್ಲ, ಕೌದಿ ಬೇಕೆಂದು, ತಮ್ಮ ಸ್ವಂತ ಕಿಸೆಗೆ ಕೈ ಹಾಕಬೇಕು. ಒಂದೇ ಒಂದು ಸಲ. ಇದಕ್ಕಾಗಿ ಒಂದು ದಿನ ಪ್ರಾರ್ಥನೆಯನ್ನೂ ಶುರು ಮಾಡಿದ್ದಳು. ಅರ್ಧಕ್ಕೆ ಬಂದಾಗ ಇದು ಜಂಬವೇನೋ ಅನ್ನಿಸಿ, ಮಳೆಬೆಳೆಯ ಕಡೆಗೆ ಹೊರಳಿಸಿ ಆಮೆನ್ ಅಂದಿದ್ದಳು.

ಈಗ ದಾರವನ್ನು ಹಲ್ಲಿನಿಂದ ಕಡಿದು ಗಂಡನತ್ತ ತಿರುಗಿದಳು. "ಈ ಸಲ ನೀವು ಕೈ ಎತ್ತಬಾರದು."

"ಯಾರೂ ತಗೊಳ್ಳಲಿಲ್ಲಂದ್ರ?"

"ಇಲ್ಲಂದ್ರ ಇಲ್ಲ."

"ಅಷ್ಟು ಮಂದಿ ಮುಂದ ಮಾಸ್ತರು ಅದನ್ನ ಹಿಡಕೊಂಡು ನಿಂತಿರ್ತಾರ, ನಾ ಹೆಂಗ ಸುಮ್ಮನ ಕೂಡ್ಲಿ?"

"ಕೈ ಮ್ಯಾಲೆ ಕೂಡ್ರಿ. ಮಾತು ಕೊಡ್ರಿ ನನಗ."

ಎಬಿನೇಜರ್ ಟೋಪಿ ತೆಗೆದು ಮೊಳೆಗೆ ತೂಗುಹಾಕಿದ. ಬಹಳ ಹೊತ್ತು ಮೊಳೆಯ ಕಡೆಗೇ ನೋಡಿದ. "ಆತು. ನಾ ಕೈ ಎತ್ತಂಗಿಲ್ಲ, ಬಾಯಿ ಬಿಡಂಗಿಲ್ಲ" ಅಂದ.

ಹಬ್ಬದ ದಿನ ಅಂಗಳದ ಬೇವಿನ ಮರದ ಕೆಳಗೆ ಬೆಂಚು ಹಾಕಿದ್ದರು. ಅಬ್ರಹಾಂ ಮಾಸ್ತರರು ಗರಗದ ಖಾದಿಯ ಜುಬ್ಬಾ ತೊಟ್ಟು, ಶಾಲೆ ಬಿಟ್ಟು ಎಷ್ಟೋ ವರ್ಷವಾದರೂ ಹಾಜರಿ ಕರೆಯುವ ದನಿಯಲ್ಲೇ ಕೂಗುತ್ತಿದ್ದರು. ಎರಡು ಮನೆತನದವರು ಒಂದು ನಿಂಬೆಹಣ್ಣಿಗೆ ಹಟ ಹಿಡಿದು, ಅದು ಒಂದು ಚೀಲ ಜೋಳಕ್ಕಿಂತ ತುಟ್ಟಿಯಾಯಿತು. ಆಗಷ್ಟೇ ಮೊಬೈಲ್ ಕೊಂಡಿದ್ದ ಕಂತ್ರಾಟುದಾರನೊಬ್ಬ ಕಿವಿಗೆ ಹಚ್ಚಿಕೊಂಡೇ ಕೈ ಎತ್ತಿದ್ದರಿಂದ, ಬೇಡದ ಬಾತುಕೋಳಿಯೊಂದು ಅವನ ಪಾಲಾಯಿತು. ತಾಜಾ ಕಾಯಿಪಲ್ಯಕ್ಕೆಂದು ಓಣಿಯ ಬೇರೆ ಮಂದಿಯೂ ಬಂದು ಹಿಂದೆ ನಿಂತಿದ್ದರು. ಅವರಲ್ಲಿ, ಎಬಿನೇಜರನ ಅಂಗಡಿಯ ಮಗ್ಗುಲಿಗೆ ಬಂಡಿ ನಿಲ್ಲಿಸಿಕೊಂಡು ಇಸ್ತ್ರಿ ಮಾಡುವ ಮೈಲಾರಿಯೂ ಇದ್ದ.

"ಈಗ ನಮ್ಮ ಸಭೆಯ ಹೆಸರುವಾಸಿ ಬಿಳೀ ಕೌದಿ!" ಎಂದರು ಮಾಸ್ತರರು.

ಅಂಗಳದ ಕುತ್ತಿಗೆಗಳೆಲ್ಲ ರೂಢಿಯಂತೆ ಎಬಿನೇಜರನ ಕಡೆಗೆ ಹೊರಳಿದವು. ಅವನು ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಒತ್ತಿ ಕೂತಿದ್ದ.

"ಏನಪಾ ಎಬಿನೇಜರ್, ಆರಾಮಿಲ್ಲೇನು?"

ಮಂದಿ ನಕ್ಕರು. ಎಬಿನೇಜರ್ ಬಾಯಿ ಬಿಡಲಿಲ್ಲ. ಕ್ಯಾಥರೀನ್ ತನ್ನ ಚಪ್ಪಲಿಯ ಉಂಗುಟವನ್ನೇ ನೋಡುತ್ತ, ಭೂಮಿ ಒಂದಿಷ್ಟೇ, ತಾನು ಹಿಡಿಯುವಷ್ಟೇ ಬಾಯಿ ತೆರೆದರೆ ಸಾಕಿತ್ತು ಅಂದುಕೊಂಡಳು.

"ನೂರು ರೂಪಾಯಿ!" ಹಿಂದಿನಿಂದ ಯಾರೋ ಜಗಳಕ್ಕೆ ಬಂದವರ ಹಾಗೆ ಒದರಿದರು. ಮೈಲಾರಿ!

ಸಭೆಯವನಲ್ಲ, ಬಳಗದವನಲ್ಲ. ಕ್ಯಾಥರೀನ್ ತಲೆ ಎತ್ತುವಷ್ಟರಲ್ಲಿ ಹೆಂಗಸರ ಸಾಲಿನಿಂದ ಇನ್ನೊಂದು ದನಿ ಬಂತು.

"ನೂರೈವತ್ತು."

ಏಂಜೆಲಿನಾ. ಸೂಜಿ ಚುಚ್ಚುವ ಮೊದಲು ರೋಗಿಗೆ 'ಅಲ್ಲಾಡಬ್ಯಾಡ' ಅನ್ನುವ ದನಿ.

ಕ್ಯಾಥರೀನ್ ಗಂಡನ ಕಡೆಗೆ ಸುಡುವಂತೆ ನೋಡಿದಳು. ಕೈ ಎತ್ತುವುದಿಲ್ಲ ಅಂದವನು ಅಕ್ಕನ ಕೈ ಎತ್ತಿಸಿದ್ದಾನೆ! ಎಬಿನೇಜರ್ ಮಾತ್ರ ಅಕ್ಕನನ್ನು ಬಾಯಿ ತೆರೆದುಕೊಂಡು ನೋಡುತ್ತಿದ್ದ. ಎಂಥ ನಾಟಕ ಅಂದುಕೊಂಡಳು.

ಮೈಲಾರಿ ಏರಿಸಿದ, ಏಂಜೆಲಿನಾ ಏರಿಸಿದಳು. ಮೈಲಾರಿ ಪ್ರತಿ ಸಲವೂ ಹೆಗಲ ಮೇಲಿನ ಟವೆಲಿನಿಂದ ಮುಖ ಒರೆಸಿಕೊಳ್ಳುವನು, ಕಣ್ಣು ಮುಚ್ಚುವನು, ಒದರುವನು. ನಿಂಬೆಹಣ್ಣಿನ ಮನೆತನದವರೂ ಜಗಳ ಮರೆತು ನೋಡತೊಡಗಿದರು. ಬಿಡಬ್ಯಾಡ ಮೈಲಾರಿ, ಬಿಡಬ್ಯಾಡ ಎಂದು ಕ್ಯಾಥರೀನ್ ಒಳಗೊಳಗೇ ಬೇಡಿಕೊಂಡಳು. ಕೊನೆಗೆ ಏಂಜೆಲಿನಾ ಪರ್ಸನ್ನು ಟಪ್ಪನೆ ಮುಚ್ಚಿದಳು. "ಮೂರು ಸಲ! ಮೈಲಾರಿಗೆ!" ಎಂದು ಮಾಸ್ತರರು ಕೂಗಿದಾಗ ಅಂಗಳವೆಲ್ಲ ಚಪ್ಪಾಳೆ. ಏಂಜೆಲಿನಾ ಸೀರೆಯ ನೆರಿಗೆ ಝಾಡಿಸಿಕೊಂಡು, ಊಟಕ್ಕೂ ನಿಲ್ಲದೆ ಹೊರಟುಹೋದಳು.

ಕೆಲಗೇರಿ ರಸ್ತೆಯಲ್ಲಿ ಮನೆಗೆ ನಡೆಯುವಾಗ ಕ್ಯಾಥರೀನಳ ಕಾಲು ನೆಲಕ್ಕೆ ಹತ್ತಲಿಲ್ಲ.

"ನೋಡಿದ್ರಿ?"

"ನೋಡ್ದೆ."

"ಮೈಲಾರಿ ಅವ್ವಗ ಇರಬೇಕು. ಪಾಪ, ಥಂಡಿ ಬ್ಯಾರೆ."

"ಇರಬಹುದು."

"ಆದ್ರ ನೀವು ಅಕ್ಕಾರನ್ನ ಎಬ್ಬಿಸಿದ್ದು ಛಲೋ ಆಗಲಿಲ್ಲ ನೋಡ್ರಿ."

"ನಾ ಎಬ್ಬಿಸಿಲ್ಲ! ದೇವರಾಣಿಗೂ ಎಬ್ಬಿಸಿಲ್ಲ!"

"ಹಬ್ಬದ ದಿನ ಸುಳ್ಳಿಗೆ ದೇವರನ್ನ ಯಾಕ ಎಳೀತೀರಿ, ಬಿಡ್ರಿ" ಎಂದು ಅವಳು ಉದಾರವಾಗಿ ಕ್ಷಮಿಸಿದಳು. ಸಂಜೆ ತುಪ್ಪ ಸುರಿದು ಸಜ್ಜಕ ಮಾಡಿದಳು. ಎಬಿನೇಜರ್ ಎರಡೇ ತುತ್ತು ತಿಂದು ತಟ್ಟೆ ಸರಿಸಿದ.

ಮರುದಿನ ಎಬಿನೇಜರ್ ಗುಂಡಿ, ದಾರ ತರಲು ಹುಬ್ಬಳ್ಳಿಯ ಬಸ್ಸು ಹತ್ತಿದ. ಅವನು ಹೋದ ಸ್ವಲ್ಪ ಹೊತ್ತಿಗೆ ಮೈಲಾರಿ ಬಾಗಿಲಲ್ಲಿ ನಿಂತಿದ್ದ. ಕೈಯಲ್ಲಿ ಹಳೆಯ ಪೇಪರಿನಲ್ಲಿ ಸುತ್ತಿದ ದೊಡ್ಡ ಗಂಟು.

"ಅಂಗಡ್ಯಾಗ ಕೊಡು ಅಂದಿದ್ರು ಅಣ್ಣಾರು. ಬಾಗಲಾ ಹಾಕಿತ್ತರಿ. ಮನೀನ ಏನ್ ದೂರ ಅಂತ ಇಲ್ಲೇ ತಂದೆ."

"ಏನಪಾ ಇದು?"

"ನಿಮ್ಮ ಕೌದೀನ ಅಲ್ರೀ ಅಕ್ಕಾರ. ಉಳಿದ ರೊಕ್ಕಾನೂ ಅದರಾಗ ಇಟ್ಟೇನ್ರಿ. ಇನ್ನೂ ಉಳೀತಿತ್ತು, ಆ ನರ್ಸಬಾಯಾರು ಬಿಡವಲ್ರು. ಎಷ್ಟರ ಆಗ್ಲಿ ಬಿಡಬ್ಯಾಡ ಅಂದಿದ್ರು ಅಣ್ಣಾರು, ನಾನೂ ಬಿಡಲಿಲ್ಲ." ಹೆಮ್ಮೆಯಿಂದ ಇಷ್ಟು ಹೇಳಿದವನು ಅವಳ ಮುಖ ನೋಡಿ ತಡವರಿಸಿದ. "ಯಾಕ್ರಿ? ನಾ ಹೇಳಬಾರದಿತ್ತೇನ್ರಿ?"

ಕ್ಯಾಥರೀನಳಿಗೆ ಮೊದಲು ಸಿಟ್ಟು ಬಂತು. ಆಮೇಲೆ ಅಳು ಬಂತು. ಅಳು ಕಣ್ಣಿಗೆ ಬರುವಷ್ಟರಲ್ಲಿ, ಎದುರಿಗೆ ತಪ್ಪು ಮಾಡಿದವನಂತೆ ಟವೆಲು ಹಿಂಡುತ್ತ ನಿಂತ ಮೈಲಾರಿಯನ್ನು ಕಂಡು ಬಾಯಿಗೆ ಬೇರೆಯೇ ಮಾತು ಬಂತು.

"ನೀ ಏನೂ ಹೇಳಿಲ್ಲಪಾ, ನಾ ಏನೂ ಕೇಳಿಲ್ಲ. ಅವರು ಕೇಳಿದ್ರ ಮನ್ಯಾಗ ಇಟ್ಟು ಬಂದೇನಿ ಅನ್ನು. ಯಾರ ಕೈಯಾಗ ಕೊಟ್ಟಿ ಅಂತ ಹೇಳಬ್ಯಾಡ. ಕೂಡು, ಚಾ ಮಾಡ್ತೇನಿ."

ಅವನು ಹೋದ ಮೇಲೆ ಗಂಟು ಬಿಚ್ಚದೆ ಕೂತಳು. ಮೈಲಾರಿಯನ್ನು ಕಳಿಸಿದವನು ಗಂಡ. ಹಾಗಾದರೆ ಏಂಜೆಲಿನಾಳನ್ನು ಕಳಿಸಿದವರು ಯಾರು? ತಾನೇ ನಿಲ್ಲಿಸಿದವನ ಎದುರಿಗೆ ಯಾರಾದರೂ ಅಕ್ಕನನ್ನು ನಿಲ್ಲಿಸುತ್ತಾರೆಯೇ? ಅವಳು ಎದ್ದು, ಉಳಿದ ಸಜ್ಜಕವನ್ನು ಡಬ್ಬಿಗೆ ಹಾಕಿಕೊಂಡು ಚಪ್ಪಲಿ ಮೆಟ್ಟಿದಳು.

ಹಿಂದಿನ ಓಣಿಯ ಮನೆಯಲ್ಲಿ ಏಂಜೆಲಿನಾ ಡಬ್ಬಿಯ ಮುಚ್ಚಳ ತೆಗೆಯುವ ಮೊದಲೇ ಶುರು ಮಾಡಿದಳು. "ಆ ಇಸ್ತ್ರಿ ಮನಶ್ಯಾಗ ಕೌದಿ ಯಾಕ ಬೇಕಾಗಿತ್ತಂತ? ನೋಡ್ತಿರು, ಬಂಡಿ ಮ್ಯಾಲೆ ಹಾಸಿ ಸುಟ್ಟು ತೂತು ಮಾಡ್ತಾನ."

"ನಿಮಗ ಯಾಕ ಬೇಕಾಗಿತ್ರಿ ಅಕ್ಕಾರ? ವಾರ್ಡ್ ಅಂತಿದ್ರಿ."

"ಅಂತಿದ್ದೆ. ಈಗೂ ಅಂತೀನಿ." ಏಂಜೆಲಿನಾ ಮಂಚದ ಕಡೆಗೆ ಕೈ ಮಾಡಿದಳು. ಅದರ ಮೇಲೆ ದೊಡ್ಡ ದೊಡ್ಡ ಕೆಂಪು ಗುಲಾಬಿಯ ಚಾದರವಿತ್ತು. "ನೋಡು ಅದನ್ನ. ಆಸ್ಪತ್ರಿ ಬಿಟ್ಟಾಗಿಂದ ನಿದ್ದೀನ ಇಲ್ಲ. ಹೂವಾ ಎಣಿಸ್ಕೊಂತ ಬಿದ್ದಿರ್ತೇನಿ. ಎಡಗಡೆ ಒಂದು ಹೂವು ಸೊಟ್ಟ ಬಂದೈತಿ, ಅದರ ಸಿಟ್ಟು ಬ್ಯಾರೆ. ಬಿಳೇದಾದ್ರ ನೋಡಾಕ ಏನೂ ಇರಂಗಿಲ್ಲ. ಕಣ್ಣು ತಾವ ಮುಚ್ಚತಾವ."

"ಮೊದ್ಲ ಹೇಳಿದ್ರ..."

"ಹೆಂಗ ಹೇಳ್ಲಿ? ಹೋದ ವರ್ಷನ ಕೂಗಬೇಕಂತ ಹೋಗಿದ್ದೆ. ನಿನ್ನ ಗಂಡ ಅಷ್ಟು ಲಗೂನ ಕೈ ಎತ್ತತಾನ. ತಮ್ಮ ತನ್ನ ಹೆಂಡ್ತಿ ಕೌದೀನ ಅಷ್ಟು ಪ್ರೀತೀಲೆ ಬಿಡಿಸ್ಕೊಳ್ಳಾಕತ್ತಾಗ ನಡುವ ನಾ ಬಾಯಿ ಹಾಕ್ಲೇನು?"

ಕೌದಿ ನಮ್ಮ ಮನೆಯಲ್ಲೇ ಇದೆ ಅನ್ನುವ ಮಾತು ಕ್ಯಾಥರೀನಳ ನಾಲಗೆಯ ತುದಿಗೆ ಬಂದು ನಿಂತಿತು. ಅಂದರೆ ಸಾಕು, ಮುಂದಿನ ಭಾನುವಾರದೊಳಗೆ ಇಡೀ ಸಭೆಗೆ ಗೊತ್ತಾಗುತ್ತದೆ, ಎಬಿನೇಜರ್ ಇಸ್ತ್ರಿಯವನ ಬಾಯಿಂದ ಹೆಂಡತಿಯ ಕೌದಿಗೆ ಕೂಗಿಸಿದನೆಂದು. ಅವಳು ಮಾತನ್ನು ನುಂಗಿದಳು.

"ನಾ ಹೊಲಿದು ಕೊಡ್ತೇನ್ರಿ ಅಕ್ಕಾರ."

"ಪುಕ್ಕಟ ಬ್ಯಾಡ ಮತ್ತ. ನಾ ಏನ್ ಬೇಡಾಕತ್ತಿಲ್ಲ. ಮತ್ತ ಚಂದ ಕಾಣ್ಲಿ ಅಂತ ಅಂಚಿಗೆ ಕೆಂಪುಪಟ್ಟಿ ಹಚ್ಚೀಯ! ಬಿಳೇದಂದ್ರ ಬಿಳೇದ." ಏಂಜೆಲಿನಾ ಚಮಚ ಹುಡುಕುತ್ತ ಗೊಣಗಿದಳು. "ಅಷ್ಟು ಮೆತ್ತಗ ಹೆಂಗ ಹೊಲೀತೀಯೋ ಏನೋ."

ಮನೆಗೆ ಬಂದವಳೇ ಕ್ಯಾಥರೀನ್ ಮಂಚದ ಗಾದಿಯನ್ನು ಎತ್ತಿ, ಗಂಡ ಮಲಗುವ ಬದಿಗೆ ಮೈಲಾರಿ ತಂದ ಕೌದಿಯನ್ನು ನೀಟಾಗಿ ಹಾಸಿ, ಗಾದಿಯನ್ನು ಅದರ ಮೇಲೆ ಇಳಿಸಿದಳು. ಆಮೇಲೆ ಚೂರುಗಳ ಬುಟ್ಟಿ ಎಳೆದುಕೊಂಡು ಮಂಚದ ಪಕ್ಕ ಕೂತಳು.

ಸಂಜೆ ಎಬಿನೇಜರ್ ಬಂದ. ದಾರಿಯಲ್ಲಿ ಮೈಲಾರಿ ಸಿಕ್ಕಿರಬೇಕು, ಚಹಾ ಕುಡಿಯುವಾಗಲೂ ಕಣ್ಣು ಒಂದು ಕಡೆ ನಿಲ್ಲಲಿಲ್ಲ. ಟ್ರಂಕು ತೆಗೆದ, ಮುಚ್ಚಿದ. ಸ್ಟೂಲು ಹತ್ತಿ ಅಟ್ಟ ನೋಡಿದ. ನೀರಿನ ಡ್ರಮ್ಮಿನ ಹಿಂದೆ ಇಣುಕಿದ. ಕೊನೆಗೆ ಟಾರ್ಚು ಹಿಡಿದು ಮಂಚದ ಕೆಳಗೆ ತೂರಿದ.

"ಏನ್ ಹುಡಕಾಕತ್ತೀರಿ?"

ಮಂಚದ ಕೆಳಗೆ ಟಾರ್ಚು ಆರಿತು. "ಏನಿಲ್ಲ... ಇಲಿ."

"ಸಿಕ್ತೇನ್ರಿ?"

"ಇಲ್ಲ. ಇಲ್ಲೇ ಎಲ್ಲೋ ಐತಿ."

ಹೋದ ವರ್ಷ ಇವನು ಎತ್ತಿದ ಕೈಯೇ, ಕೊಳ್ಳಬೇಕೆಂದು ಬಂದವಳ ಕೈಯನ್ನು ತಡೆದಿತ್ತು. ಅದನ್ನು ಇವನಿಗೆ ಯಾವತ್ತೂ ಹೇಳುವುದಿಲ್ಲ ಎಂದು ಕ್ಯಾಥರೀನ್ ಅಂದುಕೊಂಡಳು. ಮುಂದಿನ ಹಬ್ಬಕ್ಕೆ ಕೌದಿಯ ಬದಲು ಕುಂಬಳಕಾಯಿ ಒಯ್ದರಾಯಿತು. ಸೂಜಿಗೆ ದಾರ ಪೋಣಿಸಿ, ಅಕ್ಕನ ಕೌದಿಯ ಮೊದಲ ಎರಡು ತುಂಡುಗಳನ್ನು ತೊಡೆಯ ಮೇಲೆ ಜೋಡಿಸಿದಳು.

ಮಂಚದ ಕೆಳಗಿಂದ ಎಬಿನೇಜರನ ಎರಡು ಕಾಲುಗಳಷ್ಟೇ ಹೊರಗಿದ್ದವು. ಅವು ಹಿಂದಕ್ಕೆ ಸರಿಯಲು ಜಾಗವಿಲ್ಲದೆ ಬುಟ್ಟಿಗೆ ತಾಗಿ ನಿಂತವು. ಅವಳು ಹೊಲಿಗೆ ನಿಲ್ಲಿಸದೆ, ಒಂದು ಕೈಯಿಂದ ಬುಟ್ಟಿಯನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡಳು.