ಅತಿಥಿಗೆಂದು ಆರಿಸಿದ ನಲವತ್ತು ಖರ್ಜೂರ

ಬುಟ್ಟಿಯ ಮೇಲಿನ ನಾಲ್ಕು ಹಣ್ಣು ನೋಡಿ ಇಡೀ ಬುಟ್ಟಿಗೆ ತೀರ್ಪು ಕೊಟ್ಟು, ಮನೆಗೆ ಬಂದ ಮೇಲೆ ವ್ಯಾಪಾರಿಯನ್ನು ಬೈದವರಲ್ಲಿ ನೀವೂ ಒಬ್ಬರಲ್ಲವೇ? ಅಲ್ಲವೆಂದು ತಲೆಯಾಡಿಸುವ ಮೊದಲು, ಟ್ಯುನೀಶಿಯದ ದಕ್ಷಿಣಕ್ಕಿರುವ ಬೀರ್ ಮಸ್ತೂರದಲ್ಲಿ ಒಂದು ಸುಗ್ಗಿಯಲ್ಲಿ ನಡೆದುದನ್ನು ಕೇಳಿ.

ಆ ಊರಿನ ಬೆಳೆಗಾರರ ಸಂಘದ ಗೋದಾಮಿನಲ್ಲಿ ಎರಡು ಸಾವಿರ ಪೆಟ್ಟಿಗೆ ಖರ್ಜೂರ ಹಡಗಿಗಾಗಿ ಕಾದಿತ್ತು. ಕೊಳ್ಳುವವರ ಷರತ್ತು ಒಂದೇ: ನೂರು ಹಣ್ಣಿನಲ್ಲಿ ಐದಕ್ಕಿಂತ ಹೆಚ್ಚು ಹುಳುಕಿರಬಾರದು. ಹಿಂದಿನ ವರ್ಷ ಪಕ್ಕದ ಊರಿನವರು ಬಾಯಿಗೆ ಬಂದ ಸಂಖ್ಯೆ ಬರೆದು ಸರಕು ಕಳಿಸಿದ್ದರು. ಬಂದರಿನಲ್ಲಿ ಹಣ್ಣು ಸೀಳಿ ನೋಡಿದವರು ಎಲ್ಲವನ್ನೂ ಹಿಂದಕ್ಕಟ್ಟಿದರು. ಈ ವರ್ಷ ಆ ಊರಿಗೆ ಒಂದು ಲಾರಿಯೂ ಬರಲಿಲ್ಲ. ಆದ್ದರಿಂದ ಬೀರ್ ಮಸ್ತೂರದವರು ಹುಳುಕಿನ ಲೆಕ್ಕಕ್ಕೆ ಮಬ್ರೂಕಾ ಟೀಚರ ರುಜುವೇ ಬೇಕೆಂದು ನಿರ್ಧರಿಸಿದರು. ಮೂವತ್ತೊಂದು ವರ್ಷ ಗಣಿತ ಕಲಿಸಿ ನಿವೃತ್ತರಾದ ಆಕೆಯ ಎದುರು ಬೆಂಚಿನ ಮೇಲೆ ನಿಲ್ಲದವರು ಆ ಊರಿನಲ್ಲಿ ವಿರಳ. ಎಲ್ಲರಿಗೂ ಆಕೆಯ ರುಜು ಬೇಕಿತ್ತು. ಆಕೆಯ ಲೆಕ್ಕ ಮಾತ್ರ ಯಾರಿಗೂ ಬೇಕಿರಲಿಲ್ಲ.

ಗೋದಾಮಿನ ಕಾವಲುಗಾರ ಹಮ್ಮಾದಿ ಹಳೆಯ ಶಿಷ್ಯ. ಈಗ ಅವನ ಗಡ್ಡವೂ ಬೆಳ್ಳಗಾಗುತ್ತಿತ್ತು. ಹಿತ್ತಾಳೆ ತಟ್ಟೆಯಲ್ಲಿ ಖರ್ಜೂರ, ಪಕ್ಕದಲ್ಲಿ ಒಂದು ಬಟ್ಟಲು ಮಜ್ಜಿಗೆ ಇಟ್ಟು ನಿಂತನು.

“ಕೂತ್ಕೊಳ್ಳಿ ಟೀಚರ್. ನಲವತ್ತು ಎಣಿಸಿ ತಂದಿದೀನಿ. ನೀವು ಸೀಳೋದೊಂದೇ ಬಾಕಿ.”

ಮಬ್ರೂಕಾ ಒಂದೊಂದಾಗಿ ಸೀಳಿದರು. ಮೂವತ್ತೇಳನೆಯದರಲ್ಲಿ ಹುಳವೊಂದು ತಲೆಯೆತ್ತಿತು. ಉಳಿದವೆಲ್ಲ ಚೊಕ್ಕ. ಸಂಘದ ಅಧ್ಯಕ್ಷ ಹಾಜಿ ತಿಜಾನಿ ಆಗಲೇ ಪೆನ್ನಿನ ಮುಚ್ಚಳ ತೆಗೆದಿದ್ದರು.

“ನಲವತ್ತಕ್ಕೆ ಒಂದು. ಅಂದ್ರೆ ನೂರಕ್ಕೆ ಎರಡೂವರೆ. ಬರ್ಕೊಂಡೆ ತಂಗಿ. ರುಜು ಹಾಕು, ಊಟ ಆರಿಹೋಗ್ತಿದೆ.”

ಹಮ್ಮಾದಿಯ ಮುಖ ಮಾತ್ರ ಮದುವೆಯ ಅಡುಗೆ ಸೀದವನ ಮುಖದಂತಾಗಿತ್ತು. “ತಪ್ಪಾಯ್ತು ಟೀಚರ್. ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡಿದ್ದೆ. ಅದು ಹೆಂಗೆ ಕಣ್ಣು ತಪ್ಪಿಸ್ತೋ.”

“ಬಿಸಿಲಿಗೆ ಹಿಡಿದು ನೋಡಿದ್ಯಾ?”

“ಮತ್ತೆ? ಮನೆಗೆ ಬಂದೋರಿಗೆ ಹುಳುಕು ಕೊಡಕ್ಕಾಗತ್ತಾ? ಅಮ್ಮಂಗೆ ಗೊತ್ತಾದ್ರೆ ನನ್ನ ಒಳಗೆ ಬಿಡ್ತಾಳಾ?”

ಆ ಸೀಮೆಯ ಖರ್ಜೂರವನ್ನು ಬಿಸಿಲಿಗೆ ಹಿಡಿದರೆ ಜೇನಿನೊಳಗಿಂದ ಕಾಣುವಂತೆ ಬೀಜ ಕಾಣುತ್ತದೆ. ಹುಳವಿದ್ದರೆ ಕಪ್ಪು ಮಸುಕಾಗಿ ಅದೂ ಕಾಣುತ್ತದೆ. ಹಾಗೆ ನೋಡದೆ ಅತಿಥಿಗೆ ಹಣ್ಣು ಕೊಡುವವರು ಬೀರ್ ಮಸ್ತೂರದಲ್ಲಿಲ್ಲ. ಹಮ್ಮಾದಿ ಮೋಸ ಮಾಡಿರಲಿಲ್ಲ, ಮರ್ಯಾದೆ ಮಾಡಿದ್ದನು. ಆದರೆ ಅಳೆಯಬೇಕಾದಲ್ಲಿ ಉಪಚಾರ ಬಂದು ಕುಳಿತರೆ, ಸುಳ್ಳು ಹೇಳಲು ಸುಳ್ಳುಗಾರನೇ ಬೇಕಾಗುವುದಿಲ್ಲ.

“ಹಮ್ಮಾದಿ, ಇವತ್ತು ನಾನು ನಿನ್ನ ಅತಿಥಿ ಅಲ್ಲಪ್ಪ.”

“ಅದು ಹೆಂಗೆ ಟೀಚರ್? ಹೊಸ್ತಿಲು ದಾಟಿ ಬಂದಿದೀರಲ್ಲ.”

ಆಕೆ ವಾದಿಸಲಿಲ್ಲ. ಎಲ್ಲ ಪೆಟ್ಟಿಗೆಗಳಿಗೂ ಸಂಖ್ಯೆ ಬರೆಸಿ, ಆ ಸಂಖ್ಯೆಗಳ ಚೀಟಿಗಳನ್ನು ಮದುವೆಗಳಿಗೆ ಕುಸ್ಕುಸ್ ಬೇಯಿಸುವ ದೊಡ್ಡ ಪಾತ್ರೆಗೆ ಸುರಿದು ಕಲಸಿದರು. ಚೀಟಿ ಬಂದ ಪೆಟ್ಟಿಗೆಯಿಂದ ಒಂದೇ ಹಣ್ಣು. ಅದೂ ಮೇಲಿನದೋ, ನಡುವಿನದೋ, ತಳದ್ದೋ ಎಂಬುದಕ್ಕೆ ಇನ್ನೊಂದು ಚೀಟಿ.

“ಒಂದೇ ಪೆಟ್ಟಿಗೆಯಿಂದ ನೂರು ತೆಗೆದ್ರೆ ಕೆಲಸ ಬೇಗ ಮುಗಿಯಲ್ವಾ?” ಎಂದರು ಹಾಜಿ.

“ಹುಳ ಅಕ್ಕಪಕ್ಕದ ಮನೆಗೆ ಹೋಗಿ ಬರುತ್ತೆ, ಹಾಜಿ. ಒಂದು ಮನೇಲಿ ನೂರು ಜನರನ್ನ ಕೇಳಿದ್ರೂ ಆ ಮನೆ ಸುದ್ದಿ ಗೊತ್ತಾಗುತ್ತೆ, ಊರಿನದ್ದಲ್ಲ.”

ಹಣ್ಣು ತೆಗೆದಾಗಲೆಲ್ಲ ಹಮ್ಮಾದಿಯ ಕೈ ತನಗರಿವಿಲ್ಲದೆ ಕಿಟಕಿಯ ಬಿಸಿಲಿನತ್ತ ಏಳುತ್ತಿತ್ತು. ಮಬ್ರೂಕಾ ಅವನನ್ನು ಗೋಡೆಗೆ ಮುಖ ಮಾಡಿಸಿ ಕೂರಿಸಿದರು. ಅವನು ಏಳನೇ ತರಗತಿಯಲ್ಲಿ ಕುಳಿತಷ್ಟೇ ವಿನಯದಿಂದ ಕುಳಿತನು. ಚೀಟಿಯಲ್ಲಿ ತನ್ನ ಪೆಟ್ಟಿಗೆ ಬಂದ ಬೆಳೆಗಾರನೊಬ್ಬ, “ಅದ್ಯಾಕೆ, ಇದನ್ನ ಸೀಳಿ, ಇದು ಇನ್ನೂ ಚೆನ್ನಾಗಿದೆ” ಎಂದು ಮನೆಯಿಂದ ಒಂದು ತಟ್ಟೆ ಕಳುಹಿಸಿದನು. ಆ ತಟ್ಟೆ ಹಾಗೆಯೇ ಹಿಂದಕ್ಕೆ ಹೋಯಿತು.

ನಾನೂರು ಹಣ್ಣಿಗೆ ಇಪ್ಪತ್ತೆಂಟು ಹುಳುಕು.

“ನೂರಕ್ಕೆ ಏಳು,” ಎಂದು ಹಾಜಿ ಹಣೆ ಒತ್ತಿಕೊಂಡರು.

“ಏಳು ಅನ್ನೋದು ಈ ನಾನೂರರ ಮಾತು. ನಾಲ್ಕೂವರೆಗೊಂದು ಗೂಟ, ಒಂಬತ್ತೂವರೆಗೊಂದು ಗೂಟ ನೆಡಿ; ಗೋದಾಮಿನ ಲೆಕ್ಕ ಅವುಗಳ ಮಧ್ಯೆ ಎಲ್ಲೋ ಇದೆ.”

ಹಾಜಿಯ ಮುಖ ಅರಳಿತು. “ನಾಲ್ಕೂವರೆ ಐದಕ್ಕಿಂತ ಕಡಿಮೆ. ಅದನ್ನೇ ಬರೆಯೋಣ.”

“ಹಂಗಾದ್ರೆ ಒಂಬತ್ತೂವರೆನ ಯಾರು ಬರೀತಾರೆ?”

“ಅದನ್ನ ಕೇಳಿದೋರು ಯಾರು? ಹೋಗಲಿ, ಈ ಎರಡು ಗೂಟದ ಮಧ್ಯೆನೇ ಇದೆ ಅಂತ ನಿನಗೆ ಖಾತ್ರಿನಾ?”

“ಹೀಗೇ ನೂರು ಸಲ ಚೀಟಿ ಎತ್ತಿ, ನೂರು ಸಲ ಗೂಟ ನೆಟ್ರೆ, ಹೆಚ್ಚುಕಡಿಮೆ ತೊಂಬತ್ತೈದು ಸಲ ನಿಜ ಗೂಟಗಳ ಮಧ್ಯೆ ಸಿಗುತ್ತೆ.”

“ಉಳಿದ ಐದು ಸಲ?”

“ನಾನು ತಪ್ಪು.”

“ಇವತ್ತಿನದು ಆ ಐದರಲ್ಲಿ ಒಂದಾ?”

“ಗೊತ್ತಿಲ್ಲ.”

ಹಾಜಿ ಸುತ್ತಲಿದ್ದವರತ್ತ ತಿರುಗಿದರು. “ಕೇಳಿದ್ರಾ? ಮೂವತ್ತೊಂದು ವರ್ಷ ಒಂದು ಉತ್ತರ ತಪ್ಪಿದ್ರೆ ನಮ್ಮ ಮಕ್ಕಳ ಕಿವಿ ಹಿಂಡಿದೋರು, ಈಗ ಗೊತ್ತಿಲ್ಲ ಅಂತಾರೆ. ನೂರಕ್ಕೆ ಐದು ಸಲ ಟೀಚರೇ ತಪ್ಪಬಹುದಾದ್ರೆ, ನಮ್ಮ ಖರ್ಜೂರ ನೂರಕ್ಕೆ ಏಳು ತಪ್ಪಿದ್ರೆ ಏನೀಗ?”

ಎಲ್ಲರೂ ನಕ್ಕರು. ಗೋಡೆಯ ಕಡೆ ಮುಖ ಮಾಡಿದ್ದ ಹಮ್ಮಾದಿಯ ಬೆನ್ನೂ ಕುಲುಕಿತು. ಮಬ್ರೂಕಾ ನಗು ನಿಲ್ಲುವವರೆಗೆ ಕಾದರು.

“ಗೂಟಗಳನ್ನ ಹತ್ತಿರ ತರಬಹುದು. ಅಂತರ ಅರ್ಧ ಆಗ್ಬೇಕು ಅಂದ್ರೆ ಹಣ್ಣು ನಾಲ್ಕರಷ್ಟು ಆಗ್ಬೇಕು.”

“ಎರಡರಷ್ಟು ಸಾಕಲ್ವಾ?”

“ಸಾಲದು. ಸಾವಿರದ ಆರುನೂರು.”

“ಇದು ಗಣಿತನೋ ಮಿಡತೆ ಹಿಂಡೋ,” ಎಂದು ಗೊಣಗಿದರೂ ಹಾಜಿ ಒಪ್ಪಿದರು. ಇನ್ನೂ ಸಾವಿರದ ಇನ್ನೂರು ಚೀಟಿ, ಸಾವಿರದ ಇನ್ನೂರು ಹಣ್ಣು. ಎರಡು ದಿನ ಸೀಳಿ ಸೀಳಿ ಮಬ್ರೂಕಾರ ಬೆರಳುಗಳು ಅಂಟಿಕೊಂಡವು. ಒಟ್ಟು ನೂರಾ ಎಂಟು ಹುಳುಕು. ಗೂಟಗಳು ಐದೂವರೆಗೂ ಎಂಟಕ್ಕೂ ಬಂದು ನಿಂತವು. ಎರಡೂ ಐದರ ಆಚೆಗೇ.

ಈಗ ಯಾರೂ ನಗಲಿಲ್ಲ. ಹಡಗು ಹೊರಡಲು ನಾಲ್ಕೇ ದಿನವಿತ್ತು. ಹಾಜಿ ತಗ್ಗಿದ ದನಿಯಲ್ಲಿ ಹೇಳಿದರು: “ತಂಗಿ, ಮೊದಲನೇ ನಲವತ್ತರ ಲೆಕ್ಕಕ್ಕೆ ರುಜು ಹಾಕಿಬಿಡು. ಅದೂ ನೀನೇ ಸೀಳಿದ್ದಲ್ವಾ? ಸುಳ್ಳೇನಿಲ್ಲ.”

“ಅದ್ರಿಂದ ಹಮ್ಮಾದಿ ಎಷ್ಟು ಒಳ್ಳೆಯವನು ಅಂತ ಗೊತ್ತಾಗುತ್ತೆ. ಗೋದಾಮಿನಲ್ಲಿ ಹುಳ ಎಷ್ಟಿದೆ ಅಂತ ಗೊತ್ತಾಗಲ್ಲ. ನಾನು ರುಜು ಹಾಕಲ್ಲ.”

“ಊರಿಗೆ ಊರೇ ನಿನ್ನ ಬೈಯುತ್ತೆ.”

“ಬೈಯಲಿ. ಪಕ್ಕದ ಊರಲ್ಲಿ ಬೈಯೋಕೂ ಒಂದು ಲಾರಿ ಬಂದಿಲ್ಲ.”

ಹೀಗೆಂದವರ ಕಣ್ಣು ಆ ಹಿತ್ತಾಳೆ ತಟ್ಟೆಯ ಮೇಲೆ ಬಿತ್ತು. ನಲವತ್ತು ಹಣ್ಣಿನಿಂದ ಏನನ್ನೂ ಖಚಿತವಾಗಿ ಹೇಳಲಾಗದೆಂದು ಆಕೆಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಆದರೂ ಬಿಸಿಲಿಗೆ ಹಿಡಿದು ಆರಿಸಿದ ಕೈಯನ್ನು ಪರೀಕ್ಷಿಸಿ ನೋಡಬಹುದಿತ್ತು.

“ಹಾಜಿ, ಎಲ್ಲಾ ಪೆಟ್ಟಿಗೆನೂ ಬಿಚ್ಚಿಸಿ. ಹಮ್ಮಾದಿ ನನಗೆ ಆರಿಸಿದ ಹಾಗೆ ಆರಿಸ್ಲಿ.”

“ಇಪ್ಪತ್ತು ಟನ್ನು ಖರ್ಜೂರನ ಅತಿಥಿಗೆ ಆರಿಸೋ ಹಾಗಾ?”

“ದುಡ್ಡು ಕೊಟ್ಟು ತಿನ್ನೋರು ಅತಿಥಿಗಳಲ್ವಾ?”

ಬೀರ್ ಮಸ್ತೂರದಲ್ಲಿ ಹುಟ್ಟಿದ ಯಾರೂ ಈ ಪ್ರಶ್ನೆಗೆ ಅಲ್ಲವೆನ್ನಲಾರರು. ಹಾಜಿ ಪೆನ್ನಿನ ಮುಚ್ಚಳ ಹಾಕಿದರು.

ಅರವತ್ತು ಜನ ಹನ್ನೆರಡು ದಿನ ಗೋದಾಮಿನ ಅಂಗಳದಲ್ಲಿ ಕುಳಿತು ಹಣ್ಣುಗಳನ್ನು ಬಿಸಿಲಿಗೆ ಹಿಡಿದರು. ಗೋಡೆಯಿಂದ ಬಿಡುಗಡೆಯಾದ ಹಮ್ಮಾದಿ ಅವರ ನಡುವೆ ಮೇಷ್ಟರಂತೆ ಓಡಾಡಿದನು. ಹಡಗು ತಪ್ಪಿತು. ಆಮೇಲೆ ಮತ್ತೆ ಚೀಟಿ, ಮತ್ತೆ ಸಾವಿರದ ಆರುನೂರು ಹಣ್ಣು. ಹುಳುಕು ಮೂವತ್ತೆರಡು.

“ನೂರಕ್ಕೆ ಎರಡು,” ಎಂದು ಬರೆಯಹೊರಟ ಹಾಜಿ, ಮಬ್ರೂಕಾರ ಹುಬ್ಬು ನೋಡಿ ತಡೆದರು. ಅದನ್ನು ಹೊಡೆದು ಬರೆದರು: ಒಂದೂಕಾಲಿನಿಂದ ಎರಡೂಮುಕ್ಕಾಲು, ನೋಡಿದ್ದು ಸಾವಿರದ ಆರುನೂರು, ಆರಿಸಿದ್ದು ಚೀಟಿ. ಮಬ್ರೂಕಾ ರುಜು ಹಾಕಿದರು. ಮುಂದಿನ ಹಡಗಿಗೆ ಹೋದ ಸರಕು ಹಿಂದಕ್ಕೆ ಬರಲಿಲ್ಲ.

ಅಂದು ಹಮ್ಮಾದಿ ಮತ್ತೊಂದು ತಟ್ಟೆ ತಂದಿಟ್ಟನು. “ಇದು ಲೆಕ್ಕಕ್ಕಲ್ಲ ಟೀಚರ್, ತಿನ್ನೋಕೆ.” ಆಕೆ ಸೀಳದೆ ತಿಂದರು.

ನಾಳೆ ನಿಮ್ಮೆದುರು ಯಾರಾದರೂ ಒಂಟಿ ಸಂಖ್ಯೆಯೊಂದನ್ನು ತಟ್ಟೆಯಲ್ಲಿಟ್ಟು ಮಜ್ಜಿಗೆಯೊಡನೆ ನೀಡಿದರೆ, ಮಜ್ಜಿಗೆಯನ್ನು ಸಂತೋಷವಾಗಿ ಕುಡಿಯಿರಿ. ಆದರೆ ಎಷ್ಟು ನೋಡಿದಿರಿ, ಯಾರು ಆರಿಸಿದರು, ಎಲ್ಲಿಂದ ಎಲ್ಲಿಯವರೆಗೆ ಎಂದು ದಯವಿಟ್ಟು ಕೇಳಿರಿ. ಉತ್ತರ ಬರುವವರೆಗೆ ರುಜು ಹಾಕಬೇಡಿರಿ.