ಮೂರು ಸಿಕ್ಕಿತು, ಎರಡು ಕಾಯಿ

"ಈ ಸಲ ಏನೂ ಇಲ್ಲ ಅಕ್ಕಾ. ಹೂ ಬಿಟ್ಟಾಗ್ಲೇ ಹಿಮ ಹೊಡೀತು. ಮೂರು ಸಿಕ್ತು, ಅದ್ರಲ್ಲಿ ಎರಡು ಕಾಯಿ," ಎನ್ನುತ್ತ ಓಯ್ವ ಬೂಟಿನ ಲಾಡಿ ಬಿಚ್ಚಲು ಬಗ್ಗಿದ.

ಒಲೆಯ ಮೇಲಿಂದ ಕಾಫಿ ಪಾತ್ರೆ ಇಳಿಸುತ್ತಿದ್ದ ತಾಯ್ಮಿಯ ಕೈ ಅಲ್ಲೇ ನಿಂತಿತು.

ಆ ಮಾತು ಅವರಪ್ಪ ಕಟ್ಟಿದ್ದು. ಜೌಗಿನಲ್ಲಿ ಹಿಲ್ಲ ಎಂಬ, ಮಾಗಿದರೆ ಹಳದಿಯಾಗುವ ಕಾಡುಹಣ್ಣು ಎಲ್ಲಿ ಬಿಡುತ್ತದೆಂದು ಲ್ಯಾಪ್‌ಲ್ಯಾಂಡಿನಲ್ಲಿ ಯಾರೂ ಬಾಯಿ ಬಿಡುವುದಿಲ್ಲ. ಕೇಳಿದವರಿಗೆ ಸುಳ್ಳು ಹೇಳಿದರೆ ಪಾಪವೂ ಇಲ್ಲ. ಪಾದ್ರಿ ಕೇಳಲಿ, ಸೋದರತ್ತೆಯೇ ಕೇಳಲಿ, ಆ ಮನೆಯವರು ಒಪ್ಪಿಸುತ್ತಿದ್ದುದು ಅದೊಂದೇ ಪಾಠ. ಹೊರಗಿನವರಿಗೆಂದೇ ಇಟ್ಟ ಮಾತು. ಐವತ್ತು ವರ್ಷದಲ್ಲಿ ಅಕ್ಕ ತಮ್ಮನಿಗಾಗಲಿ, ತಮ್ಮ ಅಕ್ಕನಿಗಾಗಲಿ ಅದನ್ನು ಹೇಳಿದ್ದಿಲ್ಲ.

ಪ್ರತಿ ಬೇಸಿಗೆಯಲ್ಲೂ ಇಬ್ಬರೂ ಐದು ಗಂಟೆ ನಡೆದು ತಮ್ಮ ಗುಟ್ಟಿನ ಜೌಗಿಗೆ ಹೋಗುತ್ತಿದ್ದರು. ಸೊಳ್ಳೆಗಳಿಗೆ ಬೈಯುತ್ತ, ಒಂದೇ ಡೇರೆಯಲ್ಲಿ ಮಲಗಿ, ಹೊಗೆ ವಾಸನೆ ಹೊತ್ತು ಮರಳುತ್ತಿದ್ದರು. ಈ ವಸಂತದಲ್ಲಿ ತಾಯ್ಮಿಯ ಸೊಂಟದ ಕೀಲು ಬದಲಾಯಿಸಿದ ಡಾಕ್ಟರು ಜೌಗಿನ ಕಡೆ ಇನ್ನು ತಲೆಯನ್ನೂ ಹಾಕಬಾರದೆಂದುಬಿಟ್ಟರು. "ಹಣ್ಣು ತರದಿದ್ರೂ ಪರ್ವಾಗಿಲ್ಲ ಕಣೋ, ನೋಡ್ಕೊಂಡ್ ಬಂದು ಹೇಳು," ಎಂದು ತಮ್ಮನನ್ನು ಕಳಿಸಿದ್ದಳು. ಆ ಜಾಗ ಇನ್ನು ಅವಳಿಗೆ ಸಿಗುವುದಿದ್ದರೆ ಅವನ ಬಾಯಿಂದಲೇ ಸಿಗಬೇಕಿತ್ತು.

"ಯಾರನ್ನ ಕರ್ಕೊಂಡ್ ಹೋಗಿದ್ದೆ?" ಎಂದು ಕೇಳಿದಳು.

"ಯಾರನ್ನ ಅಂದ್ರೆ?"

"ಓಯ್ವ, ನಿನ್ನ ಮೂಗು ಒರೆಸಿ ಬೆಳೆಸಿದೋಳು ನಾನು."

ಅವನು ಒಂದು ಬೂಟು ಕೈಯಲ್ಲಿ ಹಿಡಿದೇ ಕೂತ. "ಅದೇ, ಹೊಸ ವಸತಿಗೃಹಕ್ಕೆ ಬಂದಿರೋ ಪ್ರವಾಸಿಗರು. ಎಂಟು ಜನ. ಒಳ್ಳೇ ಜನ ಅಕ್ಕಾ, ಕಾಡು ಅಂದ್ರೆ ಪ್ರಾಣ ಬಿಡ್ತಾರೆ. ಒಬ್ಬಳಂತೂ ಜೌಗು ನೋಡಿ ಅತ್ತೇಬಿಟ್ಳು."

"ದಾರಿ ತೋರಿಸ್ದೆ."

"ಕಣ್ಣು ಕಟ್ಟಿ ಕರ್ಕೊಂಡ್ ಹೋಗಕ್ಕಾಗತ್ತಾ? ನೀನಂತೂ ಇನ್ ಬರಲ್ಲ. ಒಬ್ಬನೇ ಹೋಗಿ ಅಲ್ಲಿ ಏನ್ ಮಾಡ್ಲಿ, ಸೊಳ್ಳೆ ಜೊತೆ ಮಾತಾಡ್ಲಾ?"

ಅದೂ ನಿಜವೇ. ಅದು ನಿಜವೆಂಬುದೇ ತಾಯ್ಮಿಯ ಹೊಟ್ಟೆಗೆ ಬೆಂಕಿ ಇಟ್ಟಿತು. ಬೇಲಿಯೇ ಎದ್ದು ಹೊಲ ಮೇಯ್ದರೆ ಯಾರ ಹತ್ತಿರ ಹೋಗಿ ಹೇಳುವುದು? ಕರೆದುಕೊಂಡು ಹೋದದ್ದನ್ನು ಒಂದಲ್ಲ ಒಂದು ದಿನ ನುಂಗಿಕೊಂಡಾಳು. ಬಂದು ನಿಂತು ಆ ಪಾಠವನ್ನು ತನಗೇ ಒಪ್ಪಿಸಿದನಲ್ಲ, ಅದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ.

"ಹಣ್ಣು ಹೇಗಿತ್ತು?"

ಓಯ್ವ ತಲೆ ತಗ್ಗಿಸಿದ. "ಜೌಗೆಲ್ಲ ಹಳದಿ ಹಳದಿ. ಅಷ್ಟು ಯಾವತ್ತೂ ನೋಡಿಲ್ಲ ಅಕ್ಕಾ."

ತಾಯ್ಮಿ ಊರುಗೋಲು ಊರಿಕೊಂಡು ಮೇಜಿನ ಹತ್ತಿರ ಬಂದಳು. ಅವನಿಗೆಂದು ತೆಗೆದಿಟ್ಟಿದ್ದ, ಅವನು ಯಾವಾಗಲೂ ಕುಡಿಯುವ ಹಿಡಿ ಮುರಿದ ಲೋಟವನ್ನು ಒಳಗಿಟ್ಟಳು. ಗಾಜಿನ ಬೀರುವಿನಿಂದ ಬಂಗಾರದ ಅಂಚಿನ ಕಪ್ಪು, ಅದರ ಬಸಿ ಇಳಿಸಿದಳು. ಪಾದ್ರಿ ಬಂದರೆ, ಸರ್ವೆಯವರು ಬಂದರೆ ತೆಗೆಯುವ ಕಪ್ಪು. ಕಾಫಿ ಬಗ್ಗಿಸಿ, ಒಂದು ತೊಟ್ಟೂ ಚೆಲ್ಲದಂತೆ ಅವನ ಮುಂದಿಟ್ಟಳು.

"ಸಕ್ಕರೆ ಹಾಕ್ಕೋತೀರಾ?" ಎಂದಳು.