ಜರಡಿಯಿಂದ ಬಿದ್ದ ಸಿಂಪಿಗಳು

ಬೆಳಿಗ್ಗೆ ಆರೂವರೆಗೆ ತಾಯಿ ಸಿಂಪಿಗಳ ತೊಟ್ಟಿ ಖಾಲಿ ಇತ್ತು. ನೀರಿನ ಪಂಪು ಮಾತ್ರ ಓಡುತ್ತಿತ್ತು.

ಮನೆಯ ಸಿಂಪಿ ಸಾಕಣೆಯಲ್ಲಿ ಮರಿ ಮಾಡಿಸುವ ಕೆಲಸ ತಂಗಿಯದು, ಬೆಳೆಸಿ ಮಾರುವುದು ಅಣ್ಣನದು. ಅವಳು ನೇರ ಚಿಪ್ಪು ಬಿಡಿಸುವ ಕೋಣೆಗೆ ಹೋದಳು. ಸ್ಟೀಲ್ ಮೇಜಿನ ಮೇಲೆ ಅವಳ ಸಿಂಪಿಗಳ ರಾಶಿ. ಅಣ್ಣ ಚಾಕುವಿನಿಂದ ಬಿಡಿಸುತ್ತಿದ್ದ, ಅತ್ತಿಗೆ ಮಾಂಸವನ್ನು ಐಸ್ ಡಬ್ಬಕ್ಕೆ ತುಂಬುತ್ತಿದ್ದಳು.

“ನನ್ನ ತೊಟ್ಟಿಗೆ ಕೈ ಹಾಕು ಅಂತ ಯಾರು ಹೇಳಿದ್ರು?”

“ಅಪ್ಪನ ಜರಡಿ ಹೇಳ್ತು. ಅದರಲ್ಲಿ ನಿಂತ ದಪ್ಪನೆಯವು ಮರಿಗೆ, ನುಸುಳಿ ಬಿದ್ದದ್ದೆಲ್ಲ ಮೇಜಿಗೆ. ನಿನ್ನವು ಒಂದೂ ನಿಲ್ಲಲಿಲ್ಲ.” ಅಣ್ಣ ಇನ್ನೊಂದನ್ನು ಸೀಳಿದ. “ವರ್ಷವಿಡೀ ಕೂತು ತಿಂದ್ರೂ ಮೈಗೆ ಹತ್ತಲಿಲ್ಲ ಈ ಮಹಾರಾಣಿಯರಿಗೆ.”

“ಮೈಗೆ ಹೋಗೋ ಶಕ್ತಿ ರೋಗ ತಡೆಯೋಕೆ ಹೋಗಿದೆ. ಹೇಳಿದ್ನಲ್ಲ.”

“ಹೇಳಿದ್ದೆ ನೀನು, ಮನೆಯೊಳಗೇ ವೈರಸ್ ಸಾಕ್ತೀನಿ ಅಂತ.”

“ಅದು ಸತ್ತ ವೈರಸ್, ಅಣ್ಣ. ಸತ್ತದ್ದು ಹರಡಲ್ಲ.”

ಹಿಂದಿನ ಬೇಸಿಗೆಯ ರೋಗಕ್ಕೆ ಅವರ ಮುಕ್ಕಾಲು ಪಾಲು ಸಿಂಪಿಗಳು ಸತ್ತಿದ್ದವು. ಸಿಂಪಿ ಎಳೆಯದಿದ್ದಾಗಲೇ ಅದಕ್ಕೆ ಸತ್ತ ವೈರಸ್ ಸೋಕಿಸಿದರೆ ಅದರ ಜೀನು ಬದಲಾಗುವುದಿಲ್ಲ. ಯಾವ ಜೀನು ಎದ್ದಿರಬೇಕು, ಯಾವುದು ಮಲಗಿರಬೇಕು ಎಂಬ ಗುರುತು ಬದಲಾಗಬಹುದು. ಆ ಗುರುತು ಮರಿಗಳಿಗೂ ದಾಟುತ್ತದೆಯೇ ಎಂದು ನೋಡಲು ತಂಗಿಯ ಬಳಿ ಇದ್ದದ್ದು ಹಾಗೆ ಸೋಕಿಸಿ ಬೆಳೆಸಿದ ಈ ಒಂದೇ ತೊಟ್ಟಿ. ಈ ತಿಂಗಳು ಅವು ಮೊಟ್ಟೆ ಬಿಡಬೇಕಿತ್ತು.

“ಅತ್ತಿಗೆ, ನೀವಾದ್ರೂ ತಡೀಬಾರ್ದಿತ್ತಾ?”

“ನಿಮ್ಮಿಬ್ಬರ ಮಧ್ಯೆ ತಲೆ ಹಾಕಿ ಸಾಕಾಗಿದೆ ನಂಗೆ. ಒಂದೇ ಹೊಟ್ಟೇಲಿ ಹುಟ್ಟಿದ್ದು ಅಂದ್ರೆ ಯಾರೂ ನಂಬಲ್ಲ.”

ತಂಗಿ ಬಕೆಟ್ ಎಳೆದು, ಇನ್ನೂ ಬಾಯಿ ಮುಚ್ಚಿದ್ದ ಸಿಂಪಿಗಳನ್ನು ತೋಳಿನಿಂದ ಅದರೊಳಕ್ಕೆ ಬಳಿದಳು. ಅಣ್ಣ ಚಾಕುವನ್ನು ಬಕೆಟ್ಟಿನ ಬಾಯಿಗೆ ಅಡ್ಡ ಇಟ್ಟ.

“ಕೆಳಗಿಡು. ಜಾಗ ನಂದು, ನೀರು ನಂದು.”

“ಎರಡೂ ನೀನೇ ಇಟ್ಕೋ.”

“ಓಹೋ, ಆಚೆ ದಡದಲ್ಲಿ ಸಿಂಪಿ ಸಾಕೋನ ಹತ್ರ ಹೊರಟ್ಯಾ? ಅಪ್ಪ ಸಿಂಪಿ ತೂಗುಬಿಟ್ಟಿದ್ದ ಹಗ್ಗಗಳನ್ನ ಕಡಿದು ಎಲ್ಲ ಮುಳುಗಿಸಿದವನ ಹತ್ರ?”

“ಅವನು ಹಗ್ಗ ಕಡಿದ. ನೀನು ನನ್ನ ಕತ್ತು ಕುಯ್ದೆ.”

ಅವಳು ಚಾಕುವನ್ನು ಬರಿಗೈಯಲ್ಲಿ ಸರಿಸಿದಳು. ಅಂಗೈ ಕೊಯ್ದುಹೋಗಿ ಬಕೆಟ್ಟಿನೊಳಗೆ ರಕ್ತ ತೊಟ್ಟಿಕ್ಕಿತು. ಯಾರೂ ಬಟ್ಟೆ ಕೊಡಲಿಲ್ಲ. ಹಾಗೆಯೇ ಬಕೆಟ್ ಹಿಡಿದು ದೋಣಿ ಹತ್ತಿದಳು.

ಉಳಿದಿದ್ದ ಸಿಂಪಿಗಳು ಆಚೆ ದಡದ ತೊಟ್ಟಿಯಲ್ಲಿ ಮೊಟ್ಟೆ ಬಿಟ್ಟವು. ಬೇಸಿಗೆಗೆ ನೀರು ಬಿಸಿಯಾಗಿ ರೋಗ ಮತ್ತೆ ಬಂತು. ಆಚೆ ದಡದಲ್ಲೂ ಮರಿಗಳು ಸತ್ತವು, ಆದರೆ ಅರ್ಧಕ್ಕಿಂತ ಹೆಚ್ಚು ಉಳಿದವು. ಅಣ್ಣನ ಬುಟ್ಟಿಗಳಲ್ಲಿ ಉಳಿದದ್ದು ಬಾಯಿ ಬಿಟ್ಟ ಖಾಲಿ ಚಿಪ್ಪು ಮಾತ್ರ.

ಮರಿ ಕೇಳಲು ಅವನು ಅತ್ತಿಗೆಯನ್ನು ಕಳಿಸಿದ. ತಂಗಿ ಕೊಡಲಿಲ್ಲ.